ಮೂರನೇ ದಿನದ ನೀರು

ಹೊನ್ನೂರಮ್ಮ ಕೊಡವನ್ನು ಗಂಡನ ಮುಂದೆ ಕುಕ್ಕಿದಳು. ನೀರು ತುಳುಕಿ ಸುಂಕಪ್ಪನ ಪಾದದ ಮೇಲೆ ಬಿತ್ತು.

"ನೋಡ್ರಿ. ಕಣ್ಣು ಬಿಟ್ಟು ನೋಡ್ರಿ. ಸೋಮವಾರ ನಿಮ್ಮ ಮಗಳು ಇಂಥ ನೀರಿಗೇನು ಅರಿಶಿಣ ಕುಂಕುಮ ಏರಿಸೋದು?"

ಸುಂಕಪ್ಪ ಬಗ್ಗಿ ನೋಡಿದ. ನೀರು ಹಳದಿಗಟ್ಟಿತ್ತು. ತಳದಲ್ಲಿ ಕೆಂಪು ದಾರದ ಎಳೆಯಂಥ ಎರಡು ಹುಳು ಬಳುಕುತ್ತಿದ್ದವು. ಕೊಡವನ್ನು ಎತ್ತಿ ಅಂಗಳದ ಬೇವಿನ ಬುಡಕ್ಕೆ ಸುರಿದು, ಖಾಲಿ ಕೊಡವನ್ನು ಅಷ್ಟು ದೂರ ಉರುಳಿಸಿದ.

ಮಗಳು ಅಕ್ಷಿತಾ ಹೆತ್ತು ಹದಿನೇಳು ದಿನವಾಗಿತ್ತು. ಅವರ ಮನೆತನದಲ್ಲಿ ಬಾಣಂತಿ ಹೊಸ್ತಿಲು ದಾಟಿ ಮೊದಲು ಹೋಗುವುದು ಬಾವಿಗೆ. ಗಂಗಮ್ಮನಿಗೆ ಪೂಜೆ ಮಾಡಿ, ಒಂದು ಬಿಂದಿಗೆ ನೀರು ಸೇದಿ ಸೊಂಟದ ಮೇಲಿಟ್ಟುಕೊಂಡು ಬರಬೇಕು. ಆ ನೀರಿನಿಂದಲೇ ಕೂಸಿನ ಬಾಯಿಗೆ ಒಂದು ಹನಿ. ಸುಂಕಪ್ಪನ ತಾಯಿಯೂ ಹಾಗೆಯೇ ಮಾಡಿದ್ದಳು, ಹೊನ್ನೂರಮ್ಮನೂ ಹಾಗೆಯೇ ಮಾಡಿದ್ದಳು. ಅದೂ ಬೇರೆ ಬಾವಿಯಲ್ಲಲ್ಲ, ಇದೇ ಬಾವಿಯಲ್ಲಿ.

ಇದು ಎರ್ರಿ ತಾತ ತೋಡಿದ ಬಾವಿ. ಊರಿನ ಬಾವಿಗೆ ಕೇರಿಯವರನ್ನು ಬಿಟ್ಟುಕೊಳ್ಳದ ಕಾಲ ಅದು. ಕೊಡ ಹಿಡಿದು ದೂರದಲ್ಲಿ ನಿಂತು, ಯಾರಾದರೂ ಮೇಲಿನಿಂದ ಹೊಯ್ದಾರೆಂದು ಕಾದು ಕಾದು, ಒಂದು ದಿನ ತಾತನಿಗೆ ತಲೆ ಕೆಟ್ಟು, ಅಲ್ಲೇ ಬಾವಿಯ ಕಟ್ಟೆಗೆ ಕೊಡವನ್ನು ಅಪ್ಪಳಿಸಿ ಬಂದನಂತೆ. ಬಂದವನು ಗುದ್ದಲಿ ಹಿಡಿದು ಕೇರಿಯ ನಡುವೆ ನೆಲ ಕಡಿಯತೊಡಗಿದ. ಎರೆಮಣ್ಣು, ಆಮೇಲೆ ಗರಸು, ಆಮೇಲೆ ಬಂಡೆ. ಎರಡು ಬೇಸಿಗೆ ಹಿಡಿಯಿತು. ನಲವತ್ತು ಅಡಿಯಲ್ಲಿ ಸಿಹಿ ನೀರು ಸಿಕ್ಕಿತು. ಈಗ ಕೇರಿಗೆ ನಲ್ಲಿ ಬಂದಿದೆ, ನೀರು ವಾರಕ್ಕೊಮ್ಮೆ ಬರುತ್ತದೆ, ಬಂದಾಗ ತೊಟ್ಟಿಕ್ಕುತ್ತದೆ. ಬಾವಿ ಯಾರನ್ನೂ ಕಾಯಿಸಿರಲಿಲ್ಲ.

ಆ ತಾತನ ಮೊಮ್ಮಗ ಸುಂಕಪ್ಪ. ಬಾವಿಯ ಹೂಳೆತ್ತುವುದೇ ಅವನ ಕಸುಬು. ಕುರುಗೋಡಿನಿಂದ ಸಿರುಗುಪ್ಪದವರೆಗೆ, ಅತ್ತ ದೇಶನೂರಿನವರೆಗೆ, ಬಾವಿ ಕೆಟ್ಟಿತೆಂದರೆ ಜನ ಅವನನ್ನೇ ಕರೆಯುತ್ತಿದ್ದರು. ಊರವರ ಬಾವಿಯನ್ನೆಲ್ಲ ತೊಳೆದವನ ಮನೆಯ ಬಾವಿಯಲ್ಲಿ ಹುಳು. ಇದಕ್ಕಿಂತ ಅವಮಾನ ಇನ್ನೇನು ಬೇಕು?

ಆದರೆ ಮೂರು ವರ್ಷದಿಂದ ಆ ಬಾವಿಗೆ ನೀರೆತ್ತುವ ಇಂಜಿನ್ನು ಹಚ್ಚಿರಲಿಲ್ಲ. ಹಚ್ಚಬಾರದೆಂದು ಹೇಳಿದ್ದರು.

ಅದಕ್ಕೆ ಕಾರಣ ಮೇಲಿನ ಪೆಟ್ರೋಲ್ ಬಂಕು. ಕೇರಿಯಿಂದ ಇನ್ನೂರು ಹೆಜ್ಜೆ ಮೇಲಕ್ಕೆ, ಸಿರುಗುಪ್ಪದ ಮಿಲ್ಲುಗಳಿಗೆ ಭತ್ತ ಹೊರುವ ಲಾರಿಗಳು ನಿಲ್ಲುವ ಜಾಗದಲ್ಲಿ ಅದು ಇತ್ತು. ನಾಲ್ಕು ವರ್ಷದ ಹಿಂದೆ ಅದರ ನೆಲದೊಳಗಿನ ಟ್ಯಾಂಕು ತೂತು ಬಿದ್ದು, ಯಾರಿಗೂ ಗೊತ್ತಾಗದಂತೆ ತಿಂಗಳುಗಟ್ಟಲೆ ಪೆಟ್ರೋಲು ಭೂಮಿಗೆ ಇಳಿಯಿತು. ಗೊತ್ತಾದ ಮೇಲೆ ಬಂಕು ಮುಚ್ಚಿತು, ಟ್ಯಾಂಕನ್ನು ಕಿತ್ತು ಒಯ್ದರು. ಭೂಮಿಯೊಳಗೆ ಇಳಿದದ್ದು ಅಲ್ಲೇ ಉಳಿಯಿತು. ಅದರ ಮೇಲೆ ಕಣ್ಣಿಡಲು ಬಂಕಿನಿಂದ ಕೇರಿಯವರೆಗೆ ಆರು ಕಡೆ ಕೊಳವೆ ಇಳಿಸಿ, ಹಳದಿ ಬಣ್ಣ ಬಳಿದು, ಬೀಗ ಹಾಕಿದರು. ಮೂರು ತಿಂಗಳಿಗೊಮ್ಮೆ ಬಳ್ಳಾರಿಯಿಂದ ಸಂಘಮಿತ್ರಾ ಎಂಬ ಅಂತರ್ಜಲ ತಜ್ಞೆ ಬರುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಉದ್ದನೆಯ ಸಣ್ಣ ನಳಿಕೆಯನ್ನು ದಾರಕ್ಕೆ ಕಟ್ಟಿ ಕೊಳವೆಗಳಲ್ಲಿ ಇಳಿಸಿ, ನೀರನ್ನು ಬಾಟಲಿಗೆ ತುಂಬಿ, ಕೊನೆಗೆ ಎರ್ರಿ ತಾತನ ಬಾವಿಯಿಂದಲೂ ಒಂದು ಬಾಟಲಿ ತುಂಬಿಕೊಂಡು ಹೋಗುತ್ತಿದ್ದಳು.

ಕಳೆದ ಸಲ ಬಂದಾಗಲೂ ಅವಳು ಸುಂಕಪ್ಪನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದ್ದಳು.

"ಸುಂಕಪ್ಪಣ್ಣ, ನಿಮ್ಮ ಬಾವಿ ಚಲೋ ಐತಿ. ಎಣ್ಣಿ ನಾಲ್ಕನೇ ಕೊಳವಿ ತನಕ ಬಂದು ನಿಂತೈತಿ. ಎರಡು ವರ್ಷದಿಂದ ಮುಂದ ಬಂದಿಲ್ಲ. ಈಗ ಹಿಂದಕ್ಕ ಸರೀತೈತಿ."

"ಯಾರು ಸರಿಸಾಕತ್ತಾರ ಅದನ್ನ?"

"ಮಣ್ಣಾಗ ಕಣ್ಣಿಗೆ ಕಾಣದ ಜೀವ ಅದಾವ. ಅವು ಅದನ್ನ ತಿಂತಾವ."

"ಪೆಟ್ರೋಲ್ ತಿಂತಾವ?"

"ಹ್ಞೂಂ. ನಿಧಾನಕ್ಕ. ಐದಾರು ವರ್ಷ ಬಿಟ್ರ ತಿಂದು ಮುಗಿಸ್ತಾವ. ಕೈಲೆ ಸೇದಿದ್ರ ಏನೂ ಆಗಂಗಿಲ್ಲ. ಇಂಜಿನ್ನು ಮಾತ್ರ ಹಚ್ಚಬ್ಯಾಡ್ರಿ. ನೀವು ಬಾವಿ ಬರಿದು ಮಾಡಿದ್ರ ಸುತ್ತಲ ನೀರು ನಿಮ್ಮ ಕಡಿ ಓಡಿ ಬರತೈತಿ. ನೀರಿನ ಹಿಂದ ಎಣ್ಣಿ ಬರತೈತಿ. ಅದನ್ನ ಸುಮ್ಮನ ಬಿಡ್ರಿ, ಸಾಕು."

ಸುಂಕಪ್ಪ ನಕ್ಕುಬಿಟ್ಟಿದ್ದ. ಅವನ ನಗು ಸಿಟ್ಟಿನ ತಮ್ಮನಿದ್ದಂತೆ.

"ಮೇಡಮ್ಮಾರ, ಬಂಕಿನವ ಕೈ ಎತ್ತಿ ಹೋದ. ನಿಮ್ಮ ಆಫೀಸಿನವರು ಏನೂ ಮಾಡದ ಕುಂತು, ಜೀವ ತಿಂತಾವ ಅಂತ ಅದಕ್ಕೊಂದು ಹೆಸರು ಇಟ್ಟಾರ. ಇದ ಮಾತು ನನ್ನ ಹೆಂಡತಿಗೂ ಹೇಳಿಕೊಡ್ರಿ. ನಾಳಿಂದ ಅಕಿ ಮುಸುರಿ ತಿಕ್ಕದಂಗ ಇಟ್ಟು, ಹುಳ ತಿಂತಾವ ಬಿಡ್ರಿ ಅಂತಾಳ."

ಸಂಘಮಿತ್ರಾಳಿಗೂ ನಗು ಬಂದಿತ್ತು. ನಕ್ಕು ಆದ ಮೇಲೆ ಮತ್ತೆ ಅದನ್ನೇ ಹೇಳಿದ್ದಳು: "ಇಂಜಿನ್ನು ಹಚ್ಚಬ್ಯಾಡ್ರಿ."

ಈಗ ಬುಧವಾರ. ಪೂಜೆಗೆ ಐದು ದಿನ. ಸುಂಕಪ್ಪ ತಮ್ಮ ಗಾದಿಲಿಂಗನನ್ನು ಕೂಗಿ ಕರೆದ.

"ನಾಳಿ ಇಂಜಿನ್ನು ಹಚ್ಚೂನು."

ಗಾದಿಲಿಂಗ ತಲೆ ಕೆರೆದುಕೊಂಡ. ಅಣ್ಣನ ಜೊತೆ ಇಪ್ಪತ್ತು ವರ್ಷದಿಂದ ಬಾವಿಗೆ ಇಳಿಯುವವನು ಅವನೇ. ಮೇಲೆ ನಿಂತು ಬೈಯುವವನು ಅಣ್ಣ. "ಮೇಡಂಗ ಒಂದು ಫೋನ್ ಹಚ್ಚಿ ಕೇಳೂನೇನಣ್ಣ?"

"ನಮ್ಮ ತಾತ ತೋಡಿದ ಬಾವಿಗೆ ನಾನು ಯಾರನ್ನಲೇ ಕೇಳಬೇಕು? ಅಕಿ ಎಷ್ಟು ಬಾವಿಗೆ ಇಳಿದಾಳ? ನಿಂತ ನೀರು ಕೊಳೀತೈತಿ, ತೆಗೆದ ನೀರು ತಿಳಿ ಆಗತೈತಿ. ಇದನ್ನ ತಿಳಕೊಳ್ಳಾಕ ಬಾಟಲಿ ಬೇಕಾ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಬದುಕಿಸಿದ ಬಾವಿಗಳೆಲ್ಲ ಹಾಗೆಯೇ ಬದುಕಿದ್ದವು. ಸತ್ತ ಹಾವು ಬಿದ್ದ ಬಾವಿ, ಉಪ್ಪೇರಿದ ಬಾವಿ, ಜನ ಮುಖ ಮುಚ್ಚಿಕೊಂಡು ದಾಟುತ್ತಿದ್ದ ಬಾವಿ. ಮೂರು ದಿನ, ಮೂರು ಸಲ ಬರಿದು ಮಾಡಬೇಕು. ಮೊದಲ ದಿನ ಹೊಲಸು ಹೋಗುತ್ತದೆ. ಎರಡನೇ ದಿನ ನಾತ ಹೋಗುತ್ತದೆ. ಮೂರನೇ ದಿನ ಸೆಲೆಗಳು ಬಾಯಿ ಬಿಡುತ್ತವೆ. ಆಮೇಲೆ ಇಳಿದು ಹೂಳೆತ್ತಿದರೆ ಮುಗಿಯಿತು.

ಗುರುವಾರ ಹೊತ್ತು ಏರುವ ಮುಂಚೆ ಇಂಜಿನ್ನು ಹಚ್ಚಿದರು. ಅದು ಹಳೇ ಡೀಸೆಲ್ ಇಂಜಿನ್ನು. ಎಷ್ಟು ಕುಡಿಯುತ್ತಿತ್ತೋ ಅದರಲ್ಲಿ ಸ್ವಲ್ಪ ನೆಲಕ್ಕೂ ಸೋರುತ್ತಿತ್ತು. ಅದರ ಕೆಳಗೆ ಯಾವಾಗಲೂ ಒಂದು ಹರಕು ಗೋಣಿಚೀಲ. ಹಳದಿ ನೀರು ಕೇರಿಯ ಗಟಾರದಲ್ಲಿ ಹೊಳೆಯಂತೆ ಹೋಯಿತು. ಮಧ್ಯಾಹ್ನಕ್ಕೆ ತಳ ಕಂಡಿತು.

ಶುಕ್ರವಾರ ಬೆಳಿಗ್ಗೆ ನೋಡಿದರೆ ಬಾವಿ ಅರ್ಧ ತುಂಬಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಕಲ್ಲಿನ ಮೇಲೆ ತಾತ ಬಿಟ್ಟ ಉಳಿಯ ಗುರುತುಗಳೂ ಕಾಣುತ್ತಿದ್ದವು. ಹೊನ್ನೂರಮ್ಮ ಬೊಗಸೆಯಲ್ಲಿ ಕುಡಿದು ನೋಡಿದಳು.

"ಸಕ್ಕರಿ ಇದ್ದಂಗ ಐತಿ ನೋಡ್ರಿ!"

"ಬಳ್ಳಾರಿ ಮೇಡಂಗೂ ಒಂದು ಬಾಟಲಿ ಕಳಿಸು," ಎಂದ ಸುಂಕಪ್ಪ. ಆ ದಿನವೆಲ್ಲ ಅವನು ಯಾರಿಗೂ ಬೈಯಲಿಲ್ಲ. ಇಂಜಿನ್ನಿಗೂ ಬೈಯಲಿಲ್ಲ.

ಕಪ್ಪೆಗಳನ್ನು ಮೊದಲು ಕಂಡವನು ಗಾದಿಲಿಂಗ. ಶುಕ್ರವಾರ ಇಳಿಹೊತ್ತು, ಎರಡನೇ ಸಲ ಬಾವಿ ಬರಿದಾಗುತ್ತಿದ್ದಾಗ, ಅವು ಕಲ್ಲಿನ ಸಂದಿಯಿಂದ ಹೊರಬಿದ್ದು ಮೆಟ್ಟಿಲು ಹತ್ತತೊಡಗಿದವು. ಒಂದಲ್ಲ ಎರಡಲ್ಲ. ಕಟ್ಟೆ ಹತ್ತಿ, ಬಿಸಿಲಿಗೆ ಕಾದ ನೆಲದ ಮೇಲೆ, ಹೊಟ್ಟೆ ಸುಡುತ್ತಿದ್ದರೂ ನಿಲ್ಲದೆ, ಕೆಳಗಿನ ಹೊಲಗಳ ಕಡೆಗೆ ಕುಪ್ಪಳಿಸಿ ಹೋದವು.

"ಯಾಕಣ್ಣ ಇವು ಹಿಂಗ?"

"ನೀರು ಹೋದ ಮ್ಯಾಲ ಕಪ್ಪಿ ಅಲ್ಲೇನು ಸಂಸಾರ ಮಾಡತೈತಾ?"

"ಮೊದಲು ಎಷ್ಟು ಬಾವಿ ಬರಿದು ಮಾಡೀವಿ. ತಳದ ಕೆಸರಿನಾಗ ಕುಂದ್ರತಿದ್ದವು. ಹಿಂಗ ಮನಿ ಬಿಟ್ಟು ಹೋಗಿರಲಿಲ್ಲ."

"ನೀನೂ ಹೋಗಲೇ ಅವುಗಳ ಜೋಡಿ," ಎಂದ ಸುಂಕಪ್ಪ. ಆದರೆ ಕೊನೆಯ ಕಪ್ಪೆ ಕಟ್ಟೆ ಇಳಿಯುವವರೆಗೂ ಅವನು ಅಲ್ಲಿಂದ ಕಣ್ಣು ತೆಗೆಯಲಿಲ್ಲ.

ಶನಿವಾರ ಬೆಳಿಗ್ಗೆ ಬಾವಿಯಲ್ಲಿ ಇಣುಕಿದಾಗ ನೀರಿನ ಮೇಲೆ ಬಣ್ಣ ಆಡುತ್ತಿತ್ತು. ನವಿಲಿನ ಕತ್ತಿನ ಬಣ್ಣ. ಒಂದು ಮೂಲೆಯಲ್ಲಿ ಹಸಿರು, ಒಂದು ಮೂಲೆಯಲ್ಲಿ ನೇರಳೆ, ಗಾಳಿಗೆ ಹಿಗ್ಗಿ ಕುಗ್ಗುತ್ತಿತ್ತು. ಮೂಗಿಗೆ ಎಣ್ಣೆಯ ವಾಸನೆಯೂ ಬಡಿಯಿತು.

ಸುಂಕಪ್ಪ ಹಿಂದಿರುಗಿ ಇಂಜಿನ್ನನ್ನು ನೋಡಿದ. ಕೆಳಗಿನ ಗೋಣಿಚೀಲ ತೊಯ್ದು ಕಪ್ಪಾಗಿತ್ತು. ಅಲ್ಲಿಂದ ಕಟ್ಟೆಯ ಬಿರುಕಿನವರೆಗೆ ಒಂದು ಸಣ್ಣ ಜಿಡ್ಡಿನ ಗೆರೆ.

"ಏ ಗಾದಿ, ಚೀಲ ಬದಲಿಸು ಅಂತ ಎಷ್ಟು ಸಲ ಹೇಳೀನಿ? ನಮ್ಮ ಇಂಜಿನ್ನೇ ಬಾವಿಗೆ ಸೋರೈತಿ ನೋಡು!"

"ನಿನ್ನೆ ಬದಲಿಸೀನಣ್ಣ."

"ಹಂಗಾರ ಇದು ನಿಮ್ಮಪ್ಪ ಸುರುವಿದ್ದಾ?"

"ನಮ್ಮಪ್ಪ ನಿಮ್ಮಪ್ಪನೂ ಹೌದಣ್ಣ," ಎಂದ ಗಾದಿಲಿಂಗ.

ಕಟ್ಟೆಯ ಹತ್ತಿರ ನಿಂತಿದ್ದ ಹೆಂಗಸರು ನಕ್ಕರು. ಸುಂಕಪ್ಪನಿಗೂ ನಗು ಬಂತು. ಆ ನಗುವಿನಲ್ಲಿ ಆ ಮಾತು ಮುಗಿದುಹೋಯಿತು. ಇಂಜಿನ್ನನ್ನು ಹತ್ತು ಮಾರು ಹಿಂದಕ್ಕೆ ಎಳೆದು, ಪೈಪಿಗೆ ಪೈಪು ಜೋಡಿಸಿ, ಮೂರನೇ ಸಲ ನೀರು ತೆಗೆಯತೊಡಗಿದರು. ವಾಸನೆ ಕಡಿಮೆಯಾಗಲಿಲ್ಲ. ಆದರೆ ಮೂವತ್ತು ವರ್ಷ ಡೀಸೆಲ್ ಮೈಗೆ ಹತ್ತಿದವನಿಗೆ ಎಣ್ಣೆಯ ವಾಸನೆ ಬೆವರಿನ ವಾಸನೆಯಂತೆ. ತನ್ನದೇ ಎಂದುಕೊಂಡರೆ ಅದು ಗೊತ್ತೇ ಆಗುವುದಿಲ್ಲ.

ಮೂರು ಗಂಟೆಗೆ ಬಾವಿ ಬರಿದಾಯಿತು. ಇಂಜಿನ್ನು ನಿಲ್ಲಿಸಿದರು. ತಳದಲ್ಲಿ ಮೊಣಕಾಲುದ್ದ ಹೂಳು. ಇನ್ನು ಗಾದಿಲಿಂಗ ಇಳಿಯಬೇಕು, ಸುಂಕಪ್ಪ ಮೇಲಿನಿಂದ ಹೂಳು ತುಂಬಿದ ಪುಟ್ಟಿ ಎಳೆಯಬೇಕು. ಗಾದಿಲಿಂಗ ಅಂಗಿ ಬಿಚ್ಚಿ, ಚಡ್ಡಿಯ ಮೇಲೆ ಟವೆಲು ಬಿಗಿದು, ಎರಡು ಮೆಟ್ಟಿಲು ಇಳಿದ.

"ನಿಂದ್ರಲೇ. ದೀಪ ಇಳಿಸಿಲ್ಲ."

ದೀಪ ಇಳಿಸದೆ ಸುಂಕಪ್ಪ ಯಾರನ್ನೂ ಬಾವಿಗೆ ಬಿಟ್ಟವನಲ್ಲ. ಅವನ ಚಿಕ್ಕಪ್ಪ ದೇಶನೂರಿನಲ್ಲಿ ಒಂದು ಹಾಳು ಬಾವಿಗೆ ಹಾಗೇ ಇಳಿದು, ಕೆಟ್ಟ ಗಾಳಿಗೆ ಉಸಿರು ಕಟ್ಟಿ, ತಳ ಮುಟ್ಟುವ ಮುಂಚೆ ಸತ್ತಿದ್ದ. ಅಂದಿನಿಂದ ಅವರ ಮನೆಯ ಕಟ್ಟಳೆ ಒಂದೇ. ಮೊದಲು ಕಂದೀಲು ಇಳಿಯಬೇಕು. ದೀಪ ಉರಿಯುತ್ತಿದ್ದರೆ ಮನುಷ್ಯನೂ ಉಸಿರಾಡುತ್ತಾನೆ. ದೀಪ ಸತ್ತರೆ ಮನುಷ್ಯನೂ ಸಾಯುತ್ತಾನೆ. ಈ ಕಟ್ಟಳೆ ಸಿರುಗುಪ್ಪದ ಸುತ್ತಲಲ್ಲಿ ಎಷ್ಟೋ ಜೀವ ಉಳಿಸಿತ್ತು.

ಕಂದೀಲು ಹಚ್ಚಿದ. ಹಗ್ಗಕ್ಕೆ ಕಟ್ಟಿದ. ಗಾದಿಲಿಂಗನ ಭುಜದ ಪಕ್ಕದಿಂದ ಅದು ಕೆಳಗೆ ಇಳಿಯಿತು. ಹತ್ತು ಅಡಿ. ದೀಪ ನೆಟ್ಟಗೆ ಉರಿಯುತ್ತಿತ್ತು. ಹದಿನೈದು.

"ಚಲೋ ಐತಿ," ಎಂದ ಗಾದಿಲಿಂಗ.

ಇಪ್ಪತ್ತು ಅಡಿಯಲ್ಲಿ ದೀಪ ಬೆಳೆಯಿತು.

ಸುಂಕಪ್ಪ ಹಗ್ಗವನ್ನು ಹಿಡಿದು ನಿಲ್ಲಿಸಿದ. ಬಾವಿಯಲ್ಲಿ ದೀಪ ಸಣ್ಣದಾಗುವುದನ್ನು ಅವನು ನೋಡಿದ್ದ. ನಡುಗುವುದನ್ನು, ಸಾಯುವುದನ್ನು ನೋಡಿದ್ದ. ಬೆಳೆಯುವುದನ್ನು ಎಂದೂ ನೋಡಿರಲಿಲ್ಲ. ಗಾಜಿನೊಳಗೆ ಕುಡಿ ಉದ್ದವಾಗಿ ಎದ್ದು ನಿಂತಿತ್ತು. ಅದರ ತಲೆಯ ಮೇಲೆ ತೆಳ್ಳಗೆ ನೀಲಿ ಟೊಪ್ಪಿಗೆ. ಯಾರೋ ಕೆಳಗಿನಿಂದ ಅದಕ್ಕೆ ಉಣ್ಣಲು ಕೊಡುತ್ತಿದ್ದಂತಿತ್ತು.

ಆಗ ಅವನ ಮೂಗಿಗೆ ಗೊತ್ತಾಯಿತು. ಇದು ಡೀಸೆಲ್ ವಾಸನೆಯಲ್ಲ. ಇಂಜಿನ್ನು ಹತ್ತು ಮಾರು ಹಿಂದೆ ಇತ್ತು, ಗಾಳಿ ಆ ಕಡೆಗೇ ಬೀಸುತ್ತಿತ್ತು. ವಾಸನೆ ಕೆಳಗಿನಿಂದ ಬರುತ್ತಿತ್ತು. ಇದು ಪೆಟ್ರೋಲು.

"ಗಾದೀ!"

ಹಗ್ಗ ಬಿಟ್ಟು ತಮ್ಮನ ಜುಟ್ಟಿಗೆ ಕೈ ಹಾಕಿದ. ಜುಟ್ಟು ಸಿಕ್ಕಿತು, ಎಳೆದ. ಗಾದಿಲಿಂಗ ಬೈಯುತ್ತ ಕಟ್ಟೆಯ ಮೇಲೆ ಬೋರಲು ಬಿದ್ದ. ಕಂದೀಲು ತಳಕ್ಕೆ ಬಡಿದ ಸಪ್ಪಳ ಕೇಳಲಿಲ್ಲ. ಅದಕ್ಕೂ ಮುಂಚೆ ಬಾವಿ ಒಂದು ಉಸಿರು ಎಳೆದುಕೊಂಡು ಭುಗ್ ಎಂದಿತು. ಬೆಂಕಿ ಕಟ್ಟೆಯ ಮೇಲೆ ತೆಂಗಿನ ಮರದಷ್ಟು ಎತ್ತರ ಎದ್ದು, ನೀರು ಸೇದುವ ಗಡಗಡಿಯ ಮರದ ಕಂಬಗಳನ್ನು ನೆಕ್ಕಿ, ಒಳಗೆ ಸೇರಿ ಉರಿಯತೊಡಗಿತು.

ಕೇರಿಯ ಜನ ಕೊಡ ಹಿಡಿದು ಓಡಿ ಬಂದರು. ಬಂದು, ಕೈಯಲ್ಲಿ ಕೊಡ ಹಿಡಿದುಕೊಂಡೇ ನಿಂತರು. ನೀರು ಸೇದುವ ಬಾವಿಯೇ ಉರಿಯುತ್ತಿದ್ದರೆ ನೀರು ಎಲ್ಲಿಂದ ತರುವುದು?

ಅಗ್ನಿಶಾಮಕದವರು ಬಂದು ನೊರೆ ಸುರಿದು ಆರಿಸುವಷ್ಟರಲ್ಲಿ ಸಂಜೆಯಾಗಿತ್ತು. ಗಾದಿಲಿಂಗನ ಬೆನ್ನಿನ ಚರ್ಮ ಅಂಗೈಯಗಲ ಸುಲಿದಿತ್ತು. ಸುಂಕಪ್ಪನ ಹುಬ್ಬು ಉಳಿದಿರಲಿಲ್ಲ, ಬಲಗೈ ಮೊಣಕೈವರೆಗೆ ಬೆಂದಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿ ಭಾನುವಾರ ಮಧ್ಯಾಹ್ನ ಕಳಿಸಿದರು.

ಸುಂಕಪ್ಪ ಬಸ್ಸಿಳಿದು ಬರುವಾಗ ಸಂಘಮಿತ್ರಾ ಬಾವಿಯ ಹತ್ತಿರ ನಿಂತಿದ್ದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ತಿರುಗಿ ಬೈಯಲು ಆಗುತ್ತಿತ್ತು. ಅವಳು ಬೈಯಲಿಲ್ಲ. ನಳಿಕೆಯನ್ನು ಇಳಿಸಿ ಮೇಲೆತ್ತಿ ಅವನಿಗೆ ತೋರಿಸಿದಳು. ಕೆಳಗೆ ಹೊಸದಾಗಿ ಊರಿದ ನೀರು. ಅದರ ಮೇಲೆ ಒಂದು ಬೆರಳು ದಪ್ಪ, ಜೇನಿನ ಬಣ್ಣದ ಪೆಟ್ರೋಲು.

"ಎಷ್ಟು ವರ್ಷ?" ಎಂದು ಕೇಳಿದ ಸುಂಕಪ್ಪ.

"ಈಗ ಹೇಳಾಕ ಬರಂಗಿಲ್ಲಣ್ಣ. ಮಣ್ಣಾಗಿನ ಆ ಜೀವ ಇಲ್ಲಿ ಮತ್ತ ಮೊದಲಿಂದ ಸುರು ಮಾಡಬೇಕು. ಹನ್ನೆರಡು. ಹದಿನೈದೂ ಆಗಬಹುದು."

"ಕೂಸು ಪ್ರಾಯಕ್ಕ ಬರೋ ತನಕ ಅನ್ರಿ."

ಅವಳು ಕೆಳಗಿನ ಹೊಲದ ಕಡೆ ಕೈ ಮಾಡಿದಳು. "ನನಗ ಈಗ ಚಿಂತಿ ಇರೋದು ಅದು. ಆ ಬೋರು ಯಾರದು?"

"ಕೊಟ್ರಬಸಪ್ಪಗೌಡರದು."

"ಎಣ್ಣಿ ನಿಮ್ಮ ಬಾವಿ ತನಕ ಬಂದೈತಿ. ಅವರು ಬೋರು ಹಚ್ಚಿದ್ರ ಅಲ್ಲಿಗೂ ಹೋಗತೈತಿ. ಅದರ ಆಚಿಗೆ ಸಾಲಿ ಮಕ್ಕಳು ಕುಡಿಯೋ ಬೋರು ಐತಿ. ಮನ್ಯಾಗ ಯಾರೂ ಸಿಗಲಿಲ್ಲ, ಫೋನ್ ಎತ್ತವಲ್ಲರು. ಹಚ್ಚಬ್ಯಾಡ್ರಿ ಅಂತ ಆಫೀಸಿಂದ ಕಾಗದ ಕಳಿಸ್ತೀನಿ. ಅದು ಬರೋ ತನಕ ನೀವು ಅವರಿಗೆ ಹೇಳ್ರಿ."

"ನಾನ?"

"ಈ ಸುತ್ತಿನಾಗ ಬಾವಿ ಮಾತು ಅಂದ್ರ ನಿಮ್ಮ ಮಾತು ಕೇಳ್ತಾರಲ್ಲ."

ಸೋಮವಾರ ಅಕ್ಷಿತಾ ಹೊಸ್ತಿಲು ದಾಟಿದಳು. ಬಾವಿಯ ಮೇಲೆ ತಗಡು ಹೊದಿಸಿ ಕಲ್ಲು ಹೇರಿದ್ದರು. ಅವಳು ತಗಡಿಗೇ ಅರಿಶಿಣ ಕುಂಕುಮ ಹಚ್ಚಿದಳು. ಊದಿನಕಡ್ಡಿ ಹಚ್ಚಲು ಹೊನ್ನೂರಮ್ಮ ಬೆಂಕಿಪೊಟ್ಟಣ ತೆಗೆದಳು, ಸುಂಕಪ್ಪ ಎಡಗೈಯಿಂದ ಅದನ್ನು ಕಸಿದುಕೊಂಡ. ಬಿಂದಿಗೆ ಖಾಲಿಯೇ ಸೊಂಟ ಏರಿತು. ಕೂಸಿನ ಬಾಯಿಗೆ ಅಂಗಡಿಯ ಬಾಟಲಿ ನೀರಿನ ಒಂದು ಹನಿ ಬಿತ್ತು.

ಅಕ್ಷಿತಾ ಒಳಗೆ ಹೋಗುವಷ್ಟರಲ್ಲಿ ಕೆಳಗಿನ ಹೊಲದಿಂದ ಗುಂಯ್ ಎಂಬ ಸದ್ದು ಬಂತು. ಮೋಟರು.

ಸುಂಕಪ್ಪ ಓಡಿದ. ಹಿಂದಿನ ಸಂಜೆ ಗೌಡರ ಮನೆಗೆ ಹೋಗಿದ್ದ, ಸಿರುಗುಪ್ಪಕ್ಕೆ ಹೋಗಿದ್ದಾರೆ ಎಂದಿದ್ದರು. ಮುಂಜಾನೆ ಮತ್ತೆ ಹೋಗಬೇಕಿತ್ತು, ಪೂಜೆ ಮುಗಿಸಿ ಹೋದರಾಯಿತು ಎಂದುಕೊಂಡಿದ್ದ. ಬದುವಿನ ಮೇಲೆ ಓಡುವಾಗ ಕಾಲಿಗೆ ಏನೋ ಸಿಕ್ಕಿತು. ಒಣಗಿ ಚಪ್ಪಟೆಯಾದ ಕಪ್ಪೆ. ಅಲ್ಲಿಂದ ಮುಂದೆ ಇನ್ನೊಂದು.

ಕೊಟ್ರಬಸಪ್ಪ ಸಸಿಮಡಿಯ ಪಕ್ಕ ಕೊಡೆ ಹಿಡಿದು ನಿಂತಿದ್ದ. ಕಾಲುವೆಗೆ ನೀರು ಬಿಡಲು ಇನ್ನೂ ತಿಂಗಳಿತ್ತು, ಅಷ್ಟರೊಳಗೆ ಭತ್ತದ ಸಸಿ ಎದ್ದು ನಿಲ್ಲಬೇಕು. ಬೋರಿನ ಬಾಯಿಂದ ತೊಡೆ ಗಾತ್ರದ ನೀರು ಬಿಳಿಯಾಗಿ ಬೀಳುತ್ತಿತ್ತು.

"ಗೌಡ್ರ, ಬಂದ್ ಮಾಡ್ರಿ! ಮೋಟರ್ ಬಂದ್ ಮಾಡ್ರಿ!"

"ಯಾಕೋ ಸುಂಕ? ಮಾರಿ ಹೆಂಗಾಗೈತಿ ನೋಡು, ಹುಬ್ಬಿಲ್ಲದ ಗೊಂಬಿ ಆಗೀಯಲ್ಲ."

"ಎಣ್ಣಿ ಬರತೈತಿ ಗೌಡ್ರ. ನೀವು ಎಳದಷ್ಟೂ ನಿಮ್ಮ ಕಡಿ ಬರತೈತಿ. ಸುಮ್ಮನ ಬಿಡಬೇಕು ಅದನ್ನ. ಬಿಟ್ರ ಮಣ್ಣಾಗಿನ ಜೀವ ತಿಂದು ಹಾಕತಾವ."

ಕೊಟ್ರಬಸಪ್ಪ ಕೊಡೆಯನ್ನು ಹೆಗಲ ಮೇಲೆ ಒರಗಿಸಿ ಅವನನ್ನು ನೋಡಿದ. ಆಮೇಲೆ ನಕ್ಕ. ಹೊಟ್ಟೆ ಅಲುಗುವಷ್ಟು ನಕ್ಕ.

"ಹುಳ ತಿಂತಾವ? ಬಾವಿಗೆ ಬೆಂಕಿ ಹಚ್ಚಿದವನು ನನಗ ನೀರಿನ ಪಾಠ ಹೇಳಾಕ ಬಂದ್ಯಾ? ಲೇ, ಶಿವರಾತ್ರಿಗೆ ನನ್ನ ಹಳೇ ಬಾವಿ ತೊಳೆಯಾಕ ಬಂದಾಗ ನೀನ ಹೇಳಿದ್ದಲ್ಲ, ನಿಂತ ನೀರು ಕೊಳೀತೈತಿ ಗೌಡ್ರ, ತೆಗೀತಿರಬೇಕು ಅಂತ?"

ಸುಂಕಪ್ಪನಿಗೆ ಎಂದಿನ ಸಿಟ್ಟು ಬಂತು. ಆದರೆ ಅದು ಅವನದೇ ಮಾತು, ಬೈಯುವುದು ಯಾರಿಗೆ?

ಕೊಟ್ರಬಸಪ್ಪ ಕೊಡೆ ಕೆಳಗಿಟ್ಟು ಬಗ್ಗಿ, ಬೋರಿನ ನೀರನ್ನು ಬೊಗಸೆಯಲ್ಲಿ ಹಿಡಿದು, ಮೂಸಿ, ಕುಡಿದು, ಮೀಸೆ ಒರೆಸಿಕೊಂಡ.

"ತಗೋ, ನೀನೂ ನೋಡು. ಎಳನೀರು ಇದ್ದಂಗ ಐತಿ. ಎಲ್ಲೈತಿ ನಿನ್ನ ಎಣ್ಣಿ?"

"ಎಷ್ಟು ದಿನದಿಂದ ಹಚ್ಚೀರಿ ಗೌಡ್ರ?"

"ನಿನ್ನೆ ಮುಂಜಾನಿ ಹಚ್ಚಿದ್ದೆ, ಇವತ್ತು ಎರಡನೇ ದಿನ."

ಸುಂಕಪ್ಪ ಕಟ್ಟು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಬೀಳುವ ನೀರಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. ಎಡಗೈಯನ್ನು ನೀರಿಗೆ ಒಡ್ಡಿದ. ತಣ್ಣಗಿತ್ತು, ತಿಳಿಯಾಗಿತ್ತು.

"ನಮ್ಮ ಬಾವ್ಯಾಗೂ ಎರಡನೇ ದಿನ ಹಿಂಗ ಇತ್ತು ಗೌಡ್ರ," ಎಂದ.

ಕೊಟ್ರಬಸಪ್ಪ ಕೊಡೆ ಎತ್ತಿಕೊಂಡು ಮಡಿಯ ಆ ತುದಿಗೆ ನಡೆದ. ಮೋಟರು ಓಡುತ್ತಲೇ ಇತ್ತು.